ಖಿತಾಬು ದರ್ಬಾರು

"ಚಪ್ಪಲ್ ನವಾಜ್ ಜಂಗ್ ಬಹಾದ್ದೂರ್! ಹಾಜಿರ್ ಹೋ!"

ಗುರುಲಿಂಗಪ್ಪ ಹೀಗೆ ಕೂಗಿದಾಗ ಬೋರ್ಡಿಂಗಿನ ಪಡಸಾಲೆಯಲ್ಲಿ ಅರವತ್ತು ಹುಡುಗರು ಕೂತಿದ್ದರು. ಅರವತ್ತೂ ಮಂದಿ ಒಂದೇ ಗಂಟಲಿನವರ ಹಾಗೆ ನಕ್ಕರು. ಹಿಂದಿನ ಸಾಲಿನಿಂದ ಎದ್ದು ಬಂದವನು ಮಾಣಿಕಪ್ಪ, ಕಮಲಾಪುರದ ಸಮಗಾರ ಓಣಿಯವನು. ಕಾಲೇಜಿಗೆ ಬಂದು ಇನ್ನೂ ಹದಿನೆಂಟು ದಿನ. ಉಳಿದ ಹೊಸಬರಂತೆ ಅವನೂ ಏಳು ಸಲ ಬಗ್ಗಿ ಸಲಾಮು ಮಾಡಿದ. ಉಳಿದ ಹೊಸಬರಂತೆ ಅವನೂ ಬಿರುದು ಬರೆದ ಸನದಿಗಾಗಿ ಎರಡೂ ಕೈ ಮುಂದೆ ಚಾಚಿದ. ಗುರುಲಿಂಗಪ್ಪ ಆ ಕೈಗಳಲ್ಲಿ ಕಾಗದ ಇಡಲಿಲ್ಲ. ಗಾದಿಯ ಪಕ್ಕದಿಂದ ಎದ್ದು, ಬಾಗಿಲ ತನಕ ಗತ್ತಿನಿಂದ ನಡೆದು, ಅಲ್ಲಿ ಎಲ್ಲರೂ ಕಳಚಿಟ್ಟಿದ್ದ ಚಪ್ಪಲಿಗಳ ರಾಶಿಯ ಮೇಲೆ ಅದನ್ನು ಒಗೆದ.

"ತಗೋ. ಇದು ನಿನ್ನ ಜಾಗೀರು. ನಿಮ್ಮಪ್ಪನಿಂದ ಬಂದದ್ದು. ನಾವ್ಯಾರೂ ಕಸಗೊಳ್ಳಂಗಿಲ್ಲ, ಹೆದರಬ್ಯಾಡ."

ಈ ಸಲದ ನಗೆಗೆ ತೊಲೆಯ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು.

ಅರವತ್ತು ಮಂದಿಯ ಆಚೆ ನಕ್ಕವನು ಇನ್ನೊಬ್ಬನಿದ್ದ. ಕಂಬಕ್ಕೆ ಆತು ನಿಂತಿದ್ದ ದೌಲಪ್ಪ. ಅವನು ಕಾಲೇಜಿನವನಲ್ಲ. ಶಹಾಬಜಾರದಲ್ಲಿ ಕರೀಂಸಾಬರ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನು. ನಾಲ್ಕನೇ ಇಯತ್ತೆಗೆ ಶಾಲೆಗೆ ಬೆನ್ನು ಮಾಡಿದವನು. ಎಲ್ಲರಿಗಿಂತ ಮೊದಲು ನಕ್ಕವನೂ ಅವನೇ, ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ಯಾಕೆಂದರೆ ಆ ಬಿರುದು ಅವನದು. ತನ್ನ ತಲೆಯಿಂದ ಹೊರಟ ಮಾತು ಕಾಲೇಜು ಕಲಿಯುವವರ ಬಾಯಲ್ಲಿ ಮೆರೆಯುವುದನ್ನು ಕೇಳಿ ಅವನ ಎದೆ ಎರಡು ಗೇಣು ಉಬ್ಬಿತ್ತು.

ಫಸಲಿ ಸಾವಿರದ ಮುನ್ನೂರ ನಲವತ್ತನಾಲ್ಕರ, ಅಂದರೆ ಇಂಗ್ಲಿಷ್ ಲೆಕ್ಕದಲ್ಲಿ ಸಾವಿರದ ಒಂಬೈನೂರ ಮೂವತ್ತೈದರ ಮಾತು ಇದು. ಹೈದ್ರಾಬಾದಿನ ದರ್ಬಾರಿನಲ್ಲಿ ನಿಜಾಮರು ನವಾಬರಿಗೆ ನವಾಜ್ ಜಂಗ್, ದೌಲಾ ಎಂದು ಬಿರುದು ಕೊಡುತ್ತಿದ್ದರಲ್ಲ, ಅದನ್ನು ನೋಡಿ ಕಲಬುರ್ಗಿಯ ಇಂಟರ್ ಕಾಲೇಜಿನ ಹುಡುಗರೂ ವರ್ಷಕ್ಕೊಮ್ಮೆ ಖಿತಾಬು ದರ್ಬಾರು ನಡೆಸುತ್ತಿದ್ದರು. ಶುಕ್ರವಾರ ರಜೆ, ಆದ್ದರಿಂದ ಗುರುವಾರ ಮಧ್ಯಾಹ್ನ. ಹೊಸದಾಗಿ ಬಂದ ಪ್ರತಿಯೊಬ್ಬನಿಗೂ ಒಂದು ಬಿರುದು, ಒಂದು ಸನದು. ಅವನು ಏಳು ಸಲಾಮು ಹೊಡೆದು, ರುಮಾಲಿನ ಮೇಲೆ ಒಂದು ಹಣ್ಣೋ ಕಾಯೋ ಇಟ್ಟು ನಜರು ಒಪ್ಪಿಸಬೇಕು. ಬಿರುದುಗಳನ್ನೆಲ್ಲ ಕೆಂಪು ತೊಗಲಿನ ಒಂದು ದಫ್ತರದಲ್ಲಿ ಬರೆದಿಡುತ್ತಿದ್ದರು. ಗಾದಿಯನ್ನು ಮಾತ್ರ ಖಾಲಿ ಬಿಡುತ್ತಿದ್ದರು. ಅದರ ಮೇಲೆ ಕೂತು ಹುಜೂರರ, ಅಂದರೆ ನಿಜಾಮರ, ಅಣಕು ಮಾಡಿದರೆ ಪೊಲೀಸರು ಬರುತ್ತಾರೆಂಬ ಹೆದರಿಕೆ. ಗಾದಿಯ ಮುಂದೆ ಬಾಲ ಮುದುರಿಕೊಳ್ಳುವುದು, ಬಾಗಿಲ ಬಳಿ ನಿಂತ ಬಡವನ ಮೇಲೆ ಸಿಂಹವಾಗುವುದು: ಕಲಿತವರ ಧೈರ್ಯ ಹೀಗಿತ್ತು.

ದರ್ಬಾರು ನಡೆಸುವವರು ಇಬ್ಬರು. ಗುರುಲಿಂಗಪ್ಪ ಗಂಜ್ ಪೇಟೆಯ ಬೇಳೆ ವ್ಯಾಪಾರಿಯ ಮಗ. ವಹಾಬ್ ತಹಶೀಲಿನ ಪೇಶ್ಕಾರರ ಮಗ. ಇವರಿಬ್ಬರಿಗೂ ಎಣ್ಣೆ-ನೀರಿನ ಸಂಬಂಧ. ಬೋರ್ಡಿಂಗಿನಲ್ಲಿ ಅಡಿಗೆಮನೆ ಎರಡು, ನೀರಿನ ಹರವಿ ಎರಡು. ವಹಾಬನ ಹರವಿಯ ನೆರಳು ಬಿದ್ದರೆ ಗುರುಲಿಂಗಪ್ಪನಿಗೆ ಸ್ನಾನ. ಗುರುಲಿಂಗಪ್ಪ ಬೆನ್ನು ತಿರುಗಿಸಿದರೆ ವಹಾಬನ ಬಾಯಲ್ಲಿ ಅವನ ಮೇಲೊಂದು ಅಣಕು ಶೇರು, ಉರ್ದು ಪದ್ಯ. ನೋಟೀಸನ್ನು ಉರ್ದುವಿನಲ್ಲಿ ಹಚ್ಚಬೇಕೋ ಕನ್ನಡದಲ್ಲಿ ಹಚ್ಚಬೇಕೋ ಎಂದು ಒಂದು ತಿಂಗಳು ಮಾತು ಬಿಟ್ಟಿದ್ದರು. ಇಂಥ ಶೂರರು ಮಾಣಿಕಪ್ಪನ ವಿಷಯದಲ್ಲಿ ಮಾತ್ರ ಒಂದು ಕಪ್ ಚಹಾ ಮುಗಿಯುವುದರೊಳಗೆ ರಾಜಿಯಾದರು. ದೇಶದ ಐಕ್ಯ ಐಕ್ಯ ಎಂದು ದೊಡ್ಡವರು ಒದರುತ್ತಾರೆ. ಒಬ್ಬ ಸಮಗಾರನನ್ನು ನಡುವೆ ನಿಲ್ಲಿಸಿ ನೋಡಲಿ, ಐಕ್ಯ ತಾನಾಗಿ ಬರುತ್ತದೆ.

ಆ ಚಹಾ ಕುಡಿದದ್ದು ಕರೀಂಸಾಬರ ಅಂಗಡಿಯ ಮುಂದೆ. ದಫ್ತರ ಹರಿದಿದೆ, ಹೊಸ ತೊಗಲು ಹಚ್ಚಿ ಕೊಡಿ ಎಂದು ಎಂಟು ದಿನದ ಹಿಂದೆ ಇಬ್ಬರೂ ಬಂದಿದ್ದರು. ದೌಲಪ್ಪನ ಬಾಯಿ ಚುರುಕು ಎಂಬುದು ಅವರಿಗೆ ಗೊತ್ತಿತ್ತು. "ನಿಮ್ಮ ಹೆಸರಿನಾಗೇ ದೌಲಾ ಅದ ನೋಡ್ರಿ, ದೌಲಾ ಸಾಬ್! ನಮಗ ನಾಕು ಖಿತಾಬು ಹೇಳಿಕೊಡ್ರಿ. ನಿಮ್ಮ ತಲಿ ನಮ್ಮ ಪ್ರೊಫೆಸರಗೂ ಇಲ್ಲ" ಎಂದು ವಹಾಬ್ ಅಂದದ್ದೇ ತಡ, ದೌಲಪ್ಪ ಹೊಲಿಯುತ್ತಿದ್ದ ಪುಸ್ತಕ ಕೆಳಗಿಟ್ಟ. ಶೇರ್ವಾನಿ ತೊಟ್ಟವರು ತನಗೆ 'ರೀ' ಹಚ್ಚಿ ಕರೆಯುವುದು ಅವನ ಜನ್ಮದಲ್ಲಿ ಅದೇ ಮೊದಲು. ಊಟಕ್ಕೆ ಮೊದಲು ಬರುವವನಿಗೆ ರೊಟ್ಟಿ ನವಾಜ್ ಜಂಗ್ ಅಂದ. ತರಗತಿಯಲ್ಲಿ ನಿದ್ದೆ ಹೊಡೆಯುವವನಿಗೆ ತೂಕಡಿಕೆ ಜಂಗ್ ಅಂದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

"ಇನ್ನೊಬ್ಬ ಅದಾನ. ನಿಮ್ಮ ಕಮಲಾಪುರದವ. ಸಮಗಾರರ ಪೈಕಿ. ಮೊದಲ ಸಾಲಿನಾಗ ಕೂಡ್ತಾನ, ನಾವು ಬಾಯಿ ತೆಗೆಯೋದರಾಗ ಉತ್ತರ ಹೇಳಿ ಮುಗಿಸಿರ್ತಾನ" ಅಂದ ಗುರುಲಿಂಗಪ್ಪ.

"ಮಾಣ್ಯಾ? ಅವ ಬಂದಾನೇನು ಕಾಲೇಜಿಗೆ?"

ದೌಲಪ್ಪ ತಲೆ ಕೆರೆದುಕೊಳ್ಳಲೂ ಇಲ್ಲ, ಚಹಾ ಕುಡಿಯಲೂ ಇಲ್ಲ. ಬಿರುದು ಬಾಯಿಗೆ ತಾನಾಗಿ ಬಂತು. ಅಷ್ಟು ಬೇಗ ಬಂದದ್ದಕ್ಕೆ ಅದನ್ನು ಪ್ರತಿಭೆ ಎಂದು ತಿಳಿದ, ಪೆದ್ದ.

ಈಗ ಪಡಸಾಲೆಯಲ್ಲಿ ಮಾಣಿಕಪ್ಪ ಬಗ್ಗಿ ಆ ಕಾಗದ ಎತ್ತಿಕೊಂಡ. ಅಂಚಿಗೆ ಹತ್ತಿದ ಮಣ್ಣು ಒರೆಸಿದ. ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಆಮೇಲೆ ತಲೆ ಎತ್ತಿದ. ಅವನು ನೋಡಿದ್ದು ಗುರುಲಿಂಗಪ್ಪನನ್ನಲ್ಲ, ವಹಾಬನನ್ನಲ್ಲ. ಕಂಬದ ಕಡೆಗೆ ನೋಡಿದ. ದೌಲಪ್ಪನ ಹಲ್ಲು ಇನ್ನೂ ಹೊರಗೇ ಇದ್ದವು. ಅವನ್ನು ಒಳಗೆ ತೆಗೆದುಕೊಳ್ಳುವಷ್ಟರಲ್ಲಿ ಮಾಣಿಕಪ್ಪ ಹೊರಟುಹೋಗಿದ್ದ.

ಮರುದಿನ ಶುಕ್ರವಾರ, ಜುಮ್ಮಾ. ಕರೀಂಸಾಬರು ನಮಾಜಿಗೆ ಮೊದಲೇ ಅಂಗಡಿ ಮುಚ್ಚುವವರು. ಮುಂಜಾನೆಯೇ ಇಬ್ಬರೂ ಕೆಲಸಕ್ಕೆ ಕೂತಿದ್ದರು. ಸಾಬರಿಗೆ ಕಣ್ಣು ಮಂದವಾಗಿ ನಾಲ್ಕು ವರ್ಷ. ಹಾಳೆಗಳನ್ನು ಬೆರಳಿನಿಂದಲೇ ಎಣಿಸಿ ಜೋಡಿಸುತ್ತಾರೆ, ಒಂದೂ ತಪ್ಪುವುದಿಲ್ಲ. ಅಷ್ಟರಲ್ಲಿ ವಹಾಬ್ ಬಂದ. ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಜಿಲೇಬಿ.

"ಉಸ್ತಾದ್! ಕಮಾಲ್ ಮಾಡಿದ್ರಿ! ನಿಮ್ಮ ಜಂಗ್ ಬಹಾದ್ದೂರ್ ಮೈದಾನ ಬಿಟ್ಟು ಓಡಿ ಹೋಗ್ಯಾನ. ನಿನ್ನೆ ಹೊತ್ತು ಮುಳುಗೋದರಾಗ ಟ್ರಂಕು ಹೊತ್ಕೊಂಡು ಕಮಲಾಪುರದ ಮೋಟಾರು ಹತ್ತಿದನಂತ."

"ಊರಿಗೆ ಹೋದನೇನು?" ದೌಲಪ್ಪ ಕೇಳಿದ. "ಯಾವಾಗ ಬರ್ತಾನಂತ?"

"ಬರೋದು ಇನ್ನೆಲ್ಲಿ! ನಾಳೆ ತಾಲೀಮಾತಿನ ಸಾಹೇಬರು, ವಿದ್ಯಾಖಾತೆಯ ದೊಡ್ಡವರು, ಬರ್ತಾರ. ವಜೀಫಾದ ಮ್ಯಾಲ, ಸರ್ಕಾರದ ರೊಕ್ಕದಾಗ ಓದೋ ಹುಡುಗರ ಮುಖ ಸ್ವತಃ ನೋಡಿ ಸಹಿ ಹಾಕ್ತಾರ. ಮುಖಾನೇ ಇಲ್ಲಂದ್ರ ವಜೀಫಾ ಖತಂ, ಕಾಲೇಜು ಖತಂ. ಮೊದಲ ಸಾಲಿನ ಕುರ್ಚಿ ಖಾಲಿ!"

"ಇದು ಗೊತ್ತಿದ್ದೇ ಗುರುವಾರ ದರ್ಬಾರು ಇಟ್ರೇನು?"

ವಹಾಬ್ ಕಣ್ಣು ಹೊಡೆದ. ಅದೇ ಉತ್ತರ.

"ಆ ಹೆಸರು ದಫ್ತರದಿಂದ ಹೊಡದು ಹಾಕ್ರಿ" ಅಂದ ದೌಲಪ್ಪ. "ಒಂದು ಕಾಗದ ಬರದು ಕಳಿಸ್ರಿ ಅವಗ, ತಪ್ಪಾತು ಅಂತ."

"ಅರೇ! ಮಜಾಕ್ ಥಾ ಯಾರ್. ಎಲ್ಲಾರಿಗೂ ಖಿತಾಬು ಕೊಟ್ಟೀವಿ, ಅವನೊಬ್ಬಗೇ ಅಲ್ಲ. ನಾ ಹೊಸದಾಗಿ ಬಂದಾಗ ನನಗ ಗೊರಕಿ ಜಂಗ್ ಅಂದ್ರು. ನಾ ಓಡಿ ಹೋದ್ನೇನು? ಅವ ಓಡಿದ್ರ ಅದು ಅವನ ಹೇಡಿತನ. ಮತ್ತ ಮಾತು ನಿಮ್ಮದೇ, ಈಗ ನೀವೇ ಹೊಡದು ಹಾಕ್ರಿ ಅಂತೀರಿ. ಕವಿ ಆದವರು ತಮ್ಮ ಮಾತಿಗೆ ತಾವೇ ಹಿಂಗ ಅಂಜಬಾರದು."

ಜಿಲೇಬಿಯನ್ನು ಕಟ್ಟೆಯ ಮೇಲಿಟ್ಟು ವಹಾಬ್ ಹೋದ. 'ನಾನು ಓಡಿಹೋದೆನೇ' ಎಂಬ ಪ್ರಶ್ನೆ ದೌಲಪ್ಪನ ಕಿವಿಯಲ್ಲಿ ಉಳಿಯಿತು. ಏನೋ ಒಂದು ಸುಳ್ಳು ಅದರಲ್ಲಿ ಇತ್ತು. ಎಲ್ಲಿತ್ತು ಎಂದು ಕೈಗೆ ಸಿಗಲಿಲ್ಲ.

ಕರೀಂಸಾಬರು ದಬ್ಬಣ ಕೆಳಗಿಟ್ಟರು.

"ಯಾರ್ದು ಮಾತು?"

"ನಂದು, ಚಾಚಾ."

"ಜಿಲೇಬಿ ತಿನ್ನು."

"ಚಾಚಾ..."

"ತಿನ್ನು ಬೇಟಾ. ನಿನ್ನ ಮಜೂರಿ ಅದು. ಮಜೂರಿ ಬಿಡಬಾರದು."

"ನಾ ಬರೇ ಮಾತು ಅಂದ್ನಿ. ಚಪ್ಪಲಿ ಮ್ಯಾಲ ಒಗದವ ಗುರುಲಿಂಗಪ್ಪ."

"ಹೌ. ಬಾಯಿ ನಿಂದು, ಕೈ ಅವಂದು. ಬ್ಯಾರೆ ಬ್ಯಾರೆ ಮಾಡಿ ಇಟ್ಟಿ. ಬಹುತ್ ಅಚ್ಛಾ." ಸಾಬರು ಪಕ್ಕದಲ್ಲಿದ್ದ ತೊಗಲಿನ ಸುರುಳಿಯ ಮೇಲೆ ಅಂಗೈ ಆಡಿಸಿದರು. "ಇದು ಯಾರ ಮನೀದು, ಗೊತ್ತೇನು ನಿನಗ? ಆ ಹುಡುಗನ ಮನೀದು. ಅವರಪ್ಪ ಇರೋತನಕ ಅವ ಹದ ಮಾಡಿ ಕಳಸ್ತಿದ್ದ, ಈಗ ಅವನ ಅವ್ವ ಕಳಸ್ತಾಳ. ನಿನ್ನ ದರ್ಬಾರಿನ ದಫ್ತರಕ್ಕ ಹಚ್ಚಿದ್ದೂ ಇದೇ. ಆ ಬೇಳೆ ವ್ಯಾಪಾರಿ ಮಗ ಅದನ್ನ ಎದಿಗೆ ಒತ್ಕೊಂಡು ಹೋದ. ನೀನೂ ನೋಡಿದಿ. ಏಳು, ಬಾಗಿಲಾ ಹಾಕು, ನಮಾಜಿಗೆ ಹೊತ್ತಾತು."

ಹೊತ್ತಾಗಿರಲಿಲ್ಲ. ಇನ್ನೂ ಎರಡು ತಾಸಿತ್ತು. ಅವನ ಮುಖ ನೋಡುತ್ತ ಕೂಡಲು ಮುದುಕನಿಗೆ ಮನಸ್ಸಿರಲಿಲ್ಲ, ಅಷ್ಟೇ.

ದೌಲಪ್ಪ ಮೋಟಾರುಗಳು ನಿಲ್ಲುವ ಜಗತ್ ಚೌಕದ ತನಕ ನಡೆದು ಕಮಲಾಪುರದ ಮೋಟಾರು ಹತ್ತಿದ. ಪಕ್ಕದಲ್ಲಿ ಒಬ್ಬ ದಪ್ಪ ಆಸಾಮಿ ಕೂತು, ಹೊರಟ ಕೂಡಲೇ ಗೊರಕೆ ಶುರು ಮಾಡಿದ. ಮೋಟಾರಿನ ಸದ್ದನ್ನೂ ಮೀರಿಸುವ ಗೊರಕೆ. ಗೊರಕಿ ಜಂಗ್ ಎಂದರೆ ಇವನೇ ಎಂದು ದೌಲಪ್ಪ ಅಂದುಕೊಳ್ಳುವಷ್ಟರಲ್ಲಿ ಗಾಲಿ ಗುಂಡಿಗೆ ಬಿತ್ತು, ಆಸಾಮಿ ಎಚ್ಚರಾಗಿ ನೆಟ್ಟಗೆ ಕೂತ. ಗೊರಕೆ ನಿಂತಿತು. ಬಿರುದೂ ಅಲ್ಲಿಗೇ ಮುಗಿಯಿತು.

ಆಗ ಅವನ ತಲೆಯಲ್ಲಿ ಏನೋ ಸರಿದು ಕೂತಿತು. ದರ್ಬಾರಿನ ಒಂದೊಂದು ಬಿರುದನ್ನೂ ತೆಗೆದು ನೋಡಿದ. ರೊಟ್ಟಿಯವನು ರೊಟ್ಟಿ ಕಡಿಮೆ ತಿಂದರೆ ಆಯಿತು. ತೂಕಡಿಸುವವನು ಕಣ್ಣಿಗೆ ನೀರು ಹಚ್ಚಿಕೊಂಡರೆ ಆಯಿತು. ವಹಾಬ್ ಮಗ್ಗುಲು ಬದಲಿಸಿ ಮಲಗಿದರೆ ಆಯಿತು. ಮಾಣಿಕಪ್ಪ? ಅವನು ಏನು ಬಿಟ್ಟರೆ ಆ ಹೆಸರು ಅವನನ್ನು ಬಿಡುತ್ತದೆ? ಅಪ್ಪನನ್ನೇ? ಅವ್ವನನ್ನೇ? ಇಷ್ಟು ಸಣ್ಣ ಲೆಕ್ಕ. ಇಂಟರ್ ಕಲಿಯುವ ಅರವತ್ತು ಮಂದಿಯ ತಲೆಗೆ ಹತ್ತಲಿಲ್ಲ. ಹತ್ತಿದವರು ಬಾಯಿ ಬಿಡಲಿಲ್ಲ. ತನಗೂ ಹತ್ತಿದ್ದು ಗುಂಡಿಗೆ ಬಿದ್ದ ಮೇಲೆ.

ಕಮಲಾಪುರದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಊರ ಈಚೆಗೇ ದೌಲಪ್ಪನ ಅಪ್ಪನ ಕೆಂಪು ಬಾಳೆಯ ತೋಟ. ಅಲ್ಲಿಗೆ ಹೋಗದೆ ಅವನು ಸಮಗಾರ ಓಣಿಯ ಕಡೆ ತಿರುಗಿದ. ಹುಟ್ಟಿದ ಊರಿನಲ್ಲಿ ಅವನು ಒಮ್ಮೆಯೂ ತುಳಿಯದ ಓಣಿ ಅದೊಂದೇ. ಮಾಣಿಕಪ್ಪನ ಅವ್ವ ಭೀಮಬಾಯಿ ಅವನನ್ನು ಕಂಡು ಸೆರಗು ಸರಿಮಾಡಿಕೊಂಡು ಗೋಡೆಗೆ ಸರಿದು ನಿಂತಳು.

"ಯವ್ವಾ, ಧಣ್ಯಾರು! ನಮ್ಮ ಓಣಿಗೆ ಬಂದೀರಲ್ರೀ!"

ಕೂಡಿ ಅನ್ನಲಿಲ್ಲ, ಅವನು ಕೂಡುವುದಿಲ್ಲ ಎಂದು ಅವಳಿಗೆ ಗೊತ್ತು. ನೀರು ಬೇಕೇ ಅನ್ನಲಿಲ್ಲ. ಅವನು ಕುಡಿಯುವುದಿಲ್ಲ ಎಂದೂ ಗೊತ್ತು. ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಕೇಳಿದ್ದರೆ ಕೊಡುತ್ತಿದ್ದಳು. ಅವನು ಕೇಳಲಿಲ್ಲ. ತಪ್ಪು ಒಪ್ಪಿಕೊಳ್ಳಲು ಬಂದವನಿಗೂ ಜಾತಿ ಹೀಗೆ ಗಂಟಲಲ್ಲಿ ಕೂತಿತ್ತು.

"ಮಾಣಿಕಪ್ಪ ಎಲ್ಲಿ?"

"ಹಿತ್ತಲದಾಗ ಅದಾನ್ರೀ, ಕರೀತೀನಿ. ಕಾಲೇಜಿಗೆ ನಾಕು ದಿನ ಸೂಟಿ ಬಿಟ್ಟಾರಂತಲ್ರೀ? ನೀವೂ ಆ ಕಡೇನೇ ಇರೋರು. ಖರೇ ಏನ್ರೀ?"

"ಹೌದು. ಸೂಟಿ ಅದ. ನಾಳೆ ಮುಂಜಾನಿಗೆ ಮುಗೀತದ."

"ಅಲ್ಲಿ ಎಲ್ಲಾರೂ ಛಲೋ ನೋಡ್ಕೊತಾರಂತ್ರೀ ಅವನ್ನ. ಅಂಗಿ ಒಗೆಯಾಕ ತಗೊಂಡ್ರ ಕಿಸೇದಾಗ ಕಾಗದ ಸಿಕ್ತು, ಮುದ್ರಿ ಒತ್ತಿದ್ದು. ಏನಪ್ಪಾ ಇದು ಅಂದ್ರ, ದರ್ಬಾರಿನಾಗ ಕೊಟ್ಟಾರವ್ವಾ ಅಂದ. ಮುಂದ ಏನೂ ಹೇಳವಲ್ಲ. ಹುಡುಗ ನಾಚ್ತಾನ. ಕೆಡಬಾರದು ಅಂತ ದೇವರ ಜಗಲಿ ಮ್ಯಾಲ ಇಟ್ಟಿದ್ನಿ." ಮಾತಾಡುತ್ತಲೇ ಒಳಗೆ ಹೋಗಿ ಅದನ್ನು ತಂದಳು. ಅಂಚಿಗೆ ಭಂಡಾರ, ದೇವರ ಅರಿಸಿನ, ಹತ್ತಿತ್ತು. ಅವನಿಗೆ ಮುಟ್ಟದ ಹಾಗೆ ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿದಳು. "ನೀವು ಓದಾಕ ಬಲ್ಲವರು. ಒಂದೀಟು ಓದಿ ಹೇಳ್ರಿ, ಏನಂತ ಬರದಾರ ನಮ್ಮ ಮಾಣಿಕಗ?"

ದೌಲಪ್ಪ ಕಾಗದ ಬಿಚ್ಚಿದ. ಅಕ್ಷರಗಳು ದುಂಡಗಿದ್ದವು, ವಹಾಬನ ಕೈಬರಹ ಚಂದ. ಅವಳು ಸೆರಗಿನ ತುದಿ ಹಿಡಿದುಕೊಂಡು ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಛಲೋ ಓದ್ತಾನಂತ. ಮೊದಲ ಸಾಲಿನಾಗ ಕೂಡ್ತಾನಂತ. ಹಂಗ ಬರದಾರ."

"ಹೌದೇನ್ರೀ!" ಅಂದಳು ಭೀಮಬಾಯಿ.

"ಭಾಳ ಛಲೋ ಓದಿದ್ರಿ" ಎಂದು ದನಿ ಬಂತು. ಹಿತ್ತಲ ಬಾಗಿಲಲ್ಲಿ ಮಾಣಿಕಪ್ಪ ನಿಂತಿದ್ದ, ಮೊಣಕೈ ತನಕ ಒದ್ದೆಯಾದ ಕೈಗಳು. "ಬರ್ರಿ, ಹಿಂದ ಹೋಗಿ ಮಾತಾಡೂಣು."

ಹಿತ್ತಲಲ್ಲಿ ತೊಗಲು ನೆನೆಹಾಕುವ ಹೊಂಡ. ಅದರ ವಾಸನೆಗೆ ದೌಲಪ್ಪನ ಕೈ ಮೂಗಿಗೆ ಹೊರಟಿತು, ಅರ್ಧದಲ್ಲಿ ನಿಂತಿತು. ಮಾಣಿಕಪ್ಪ ಅದನ್ನು ನೋಡಿದ.

"ಆ ಬಿರುದು ನಂದು" ಅಂದ ದೌಲಪ್ಪ. "ಅವರು ಅಂಗಡಿಗೆ ಬಂದು ಕೇಳಿದ್ರು. ನಾ ಹೇಳಿಕೊಟ್ನಿ."

"ಗೊತ್ತು."

"ಯಾರು ಹೇಳಿದ್ರು?"

"ಯಾಕ ಹೇಳಬೇಕು? ಸಾಲ್ಯಾಗ ನಾ ಹೊರಗ ಕಟ್ಟಿ ಮ್ಯಾಲ ಕೂತು ಪಾಠ ಕೇಳ್ತಿದ್ದೆ. ನೀ ಒಳಗ ಕೂತು ಕಿಟಕ್ಯಾಗಿಂದ ಮಾರಿ ಹಾಕಿ 'ಏ ಚಪ್ಪಲ್ಯಾ' ಅಂತಿದ್ದಿ. ಪಂತೋಜಿನೂ ನಗತಿದ್ದ. ಈಗ ಅದಕ್ಕ ನವಾಜ್ ಜಂಗ್ ಅಂತ ಬಾಲ ಹಚ್ಚೀ, ಅಷ್ಟ. ಹತ್ತು ವರ್ಷ ಆತು. ನಿನ್ನ ತಲ್ಯಾಗ ಹೊಸದು ಒಂದಾದ್ರೂ ಹುಟ್ಟಬೇಕಿತ್ತು."

ಒಳಗೆ ಅವ್ವನೆದುರು 'ರೀ' ಹಚ್ಚಿದವನು ಇಲ್ಲಿ 'ನೀ' ಅಂದಿದ್ದ. ಈ ಊರಿನಲ್ಲಿ ಆ ಓಣಿಯವರಾರೂ ದೌಲಪ್ಪನಿಗೆ 'ನೀ' ಅಂದವರಿಲ್ಲ. ಅವನ ಕಿವಿ ಬಿಸಿಯಾದವು, ಮುಷ್ಟಿ ಬಿಗಿಯಿತು. ತಪ್ಪಾಯಿತು ಅನ್ನಲು ಇಪ್ಪತ್ತೆರಡು ಮೈಲು ಬಂದವನ ಮುಷ್ಟಿ! ಅದನ್ನು ಬಿಡಿಸಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ತಪ್ಪಾತು" ಅಂದ ಕೊನೆಗೆ.

"ಯಾರ ಮುಂದ ಅನ್ನಾಕತ್ತಿ? ಈ ಹೊಂಡದ ಮುಂದ? ಅರವತ್ತು ಮಂದಿ ಮುಂದ ಅಂದಿದ್ದನ್ನ ಯಾರೂ ಇಲ್ಲದಲ್ಲಿ ವಾಪಸ್ ತಗೋಳಾಕ ಬಂದೀಯಲ್ಲ. ನಿನ್ನ ಹೊಟ್ಟಿ ಹಗೂರ ಆಗ್ತದ. ನನಗೇನಾತು?"

"ನಾಳೆ ನೀ ಬಾ. ಸಾಹೇಬರ ಮುಂದ ನಿಲ್ಲದಿದ್ರ ವಜೀಫಾ ಹೋಗ್ತದ."

"ನನಗ ಗೊತ್ತಿಲ್ಲೇನು? ನಿನ್ನೆಯಿಂದ ಅದನ್ನೇ ನೋಡಾಕತ್ತೀನಿ. ಹೋದ್ರ ಎರಡು ವರ್ಷ ದಿನಾ 'ಹಾಜಿರ್ ಹೋ' ಅನಿಸ್ಕೋಬೇಕು. ಹೋಗದಿದ್ರ ಇದೇ ಹೊಂಡ." ಮಾಣಿಕಪ್ಪ ಒಂದು ತೊಗಲನ್ನು ನೀರಿನಿಂದ ಎಳೆದು ಕಲ್ಲಿನ ಮೇಲೆ ಹಾಕಿದ. "ಹೋಗೋದು ಬಿಡೋದು ನಾ ನೋಡ್ಕೊತೀನಿ. ನೀ ನಿಂದು ನೋಡ್ಕೋ."

ಶನಿವಾರ ಮುಂಜಾನೆಯ ಮೊದಲ ಮೋಟಾರಿಗೆ ಮಾಣಿಕಪ್ಪ ಟ್ರಂಕಿನೊಂದಿಗೆ ಬಂದ. ರಾತ್ರಿ ಅಪ್ಪನ ತೋಟದಲ್ಲಿ ಕಳೆದ ದೌಲಪ್ಪ ಆಗಲೇ ಅಲ್ಲಿದ್ದ. ಡ್ರೈವರು ಮಾಣಿಕಪ್ಪನ ಮುಖ ನೋಡಿ ಹೆಬ್ಬೆರಳಿನಿಂದ ಮೋಟಾರಿನ ನೆತ್ತಿ ತೋರಿಸಿದ. ಅವನು ಮೇಲೆ ಹತ್ತಿ ಬಾಳೆಗೊನೆಗಳ ಬುಟ್ಟಿಗಳ ನಡುವೆ ಕೂತ. ತಾನೂ ಮೇಲೆ ಹತ್ತಬೇಕು ಅನ್ನಿಸಿತು ದೌಲಪ್ಪನಿಗೆ. ಹತ್ತಲಿಲ್ಲ. ಕೆಳಗೆ ಮೆತ್ತನೆಯ ಸೀಟಿನಲ್ಲಿ ಕೂತು ಏನು ಮಾತಾಡಬೇಕೆಂದು ಇಡೀ ದಾರಿ ಬಾಯಿಪಾಠ ಮಾಡಿದ.

ಬೋರ್ಡಿಂಗಿಗೆ ಬಂದಾಗ ಹಾಜರಿಯ ಗಂಟೆಗೆ ಇನ್ನೂ ಹೊತ್ತಿತ್ತು. ಹುಡುಗರು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು, ಈ ಕಡೆಯ ಹರವಿಯವರು ಈ ಕಡೆ, ಆ ಕಡೆಯವರು ಆ ಕಡೆ. ಮಾಣಿಕಪ್ಪನನ್ನು ಕಂಡದ್ದೇ ಗುರುಲಿಂಗಪ್ಪನ ಮುಖ ಅರಳಿತು.

"ಓಹೋ! ಜಾಗೀರು ನೋಡ್ಕೊಂಡು ಬಂದ್ರೇನು ಬಹಾದ್ದೂರ್?"

ಮಾಣಿಕಪ್ಪ ಟ್ರಂಕು ಇಳಿಸಿ ಅಂಗಳದಲ್ಲೇ ನಿಂತ. ದೌಲಪ್ಪ ನೇರವಾಗಿ ಗೋಡೆಯ ಗೂಡಿನ ಬಳಿ ಹೋಗಿ ಅಲ್ಲಿದ್ದ ಕೆಂಪು ದಫ್ತರ ಕೈಗೆ ತೆಗೆದುಕೊಂಡ. ರಟ್ಟು ರಿಪೇರಿಗೆ ಬಂದಿರಬೇಕೆಂದು ಯಾರೂ ತಡೆಯಲಿಲ್ಲ. ದಾರಿಯಲ್ಲಿ ಬಾಯಿಪಾಠ ಮಾಡಿದ್ದು ಒಂದಕ್ಷರವೂ ನೆನಪಿಗೆ ಬರಲಿಲ್ಲ. ಅದೇ ಒಳ್ಳೆಯದಾಯಿತು.

"ತೂಕಡಿಕೆ ಜಂಗ್ ಯಾರ್ರೀ ಇದರಾಗ?" ಎಂದು ದಫ್ತರ ತೆರೆದು ಕೂಗಿದ.

ಮೂಲೆಯಿಂದ ಒಬ್ಬ ಸಣಕಲ ಹುಡುಗ ನಗುತ್ತ ಕೈ ಎತ್ತಿದ.

"ನೀ ನಾಳೆಯಿಂದ ತರಗತ್ಯಾಗ ಎಚ್ಚರ ಇದ್ರ ಈ ಹೆಸರು ಉಳೀತದೇನು?"

"ಇಲ್ರೀ."

"ವಹಾಬ್ ಸಾಬ್, ನೀವು ಗೊರಕಿ ಬಿಟ್ರ ನಿಮ್ಮ ಹೆಸರು ಹೋಗ್ತದೇನು?"

"ಹೋಗೇ ಬಿಟ್ಟದ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಇದೂ ಒಂದು ಆಟವೆಂದೇ ತಿಳಿದಿದ್ದರು ಇನ್ನೂ.

"ಹಂಗಾರ ಮಾಣಿಕಪ್ಪ ಏನು ಬಿಟ್ರ ಅವನ ಹೆಸರು ಹೋಗ್ತದ, ಹೇಳ್ರಿ. ಇಂಟರ್ ಕಲಿಯೋರು ನೀವು. ಅವರಪ್ಪನ್ನ ಬಿಡಬೇಕೇನು? ಹುಟ್ಟಿದ್ದನ್ನ ಬಿಡಬೇಕೇನು? ನಿಮ್ಮ ನಡತೀ ಮ್ಯಾಲ ನೀವು ನಗತೀರಿ, ಅವನ ಹುಟ್ಟಿನ ಮ್ಯಾಲ ನಗತೀರಿ. ಎರಡಕ್ಕೂ ಮಜಾಕ್ ಅಂತ ಒಂದೇ ಹೆಸರು ಇಟ್ಟೀರಿ. ಒಂದು ಮಜಾಕು. ಇನ್ನೊಂದು ಹೊಲಸು."

ಗುರುಲಿಂಗಪ್ಪ ನಿಧಾನವಾಗಿ ಎದ್ದ.

"ಏ ಪುಸ್ತಕಕ್ಕ ಜಿಲ್ದು ಕಟ್ಟಾವ! ನಾಲ್ಕನೇ ಇಯತ್ತೆ ದಾಟಲಿಕ್ಕೆ ಬರಲಿಲ್ಲ, ನಮಗ ಪಾಠ ಹೇಳಾಕ ಬಂದೀಯೇನು? ಆ ಮಾತು ಯಾರ ಬಾಯಿಂದ ಬಂತು ಅಂತ ಹೇಳಲೇನು ಇವರಿಗೆ?"

"ನೀ ಹೇಳೋದೇನು? ನಾನೇ ಹೇಳ್ತೀನಿ. ನಾ ಅಂದದ್ದು. ನನ್ನ ಬಾಯಿಂದ ಬಂದದ್ದು. ನೀವು 'ರೀ' ಅಂದ್ರಿ, ನಾ ಉಬ್ಬಿದ್ನಿ. ಸಣ್ಣವಿದ್ದಾಗ ಇದೇ ಮಾತು ಅಂದು ಇವನ್ನ ಅಳಿಸಿದ್ನಿ, ಅದನ್ನೇ ತೊಳದು ನಿಮಗ ಕೊಟ್ನಿ. ಗುರುವಾರ ಎಲ್ಲಾರ್ಕಿಂತ ಮೊದಲ ನಕ್ಕವ ನಾನು. ಮಾಣಿಕಪ್ಪಾ, ಈ ಅರವತ್ತು ಮಂದಿ ಮುಂದ ಅಂತೀನಿ: ತಪ್ಪಾತು. ಆ ಮಾತು ವಾಪಸ್ ತಗೋತೀನಿ. ಇನ್ನ ಯಾರು ಅಂದ್ರೂ ಅದು ಅವರ ಬಾಯಿ ಹೊಲಸು, ನನ್ನ ಹೆಸರು ಹೇಳೋಹಂಗಿಲ್ಲ."

"ಮುಗೀತೇನು ಪುರಾಣ?" ಅಂದ ಗುರುಲಿಂಗಪ್ಪ. ಆಮೇಲೆ ಅಂಗಳದ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಹಚ್ಚಿ, ಗುರುವಾರದ ಅದೇ ಗತ್ತಿನಲ್ಲಿ ಕೂಗಿದ: "ಚಪ್ಪಲ್ ನವಾಜ್ ಜಂಗ್ ಬಹಾದ್ದೂರ್! ಹಾಜಿರ್ ಹೋ!"

ನಕ್ಕವರು ನಾಲ್ಕೇ ಮಂದಿ. ಅದರಲ್ಲಿ ಒಬ್ಬನ ನಗೆ ಅರ್ಧಕ್ಕೆ ಕೆಮ್ಮಾಯಿತು. ಸಣಕಲ ಹುಡುಗ ತಲೆ ತಗ್ಗಿಸಿದ್ದ. ವಹಾಬ್ ಚಹಾದ ಕಪ್ಪಿನಲ್ಲಿ ಏನೋ ಹುಡುಕುತ್ತಿದ್ದ. ಪಶ್ಚಾತ್ತಾಪ ಎಂದು ಯಾರೂ ಕಣ್ಣೊರೆಸಿಕೊಳ್ಳಬೇಡಿ. ತಾಲೀಮಾತಿನ ಸಾಹೇಬರ ಟಾಂಗಾ ಗೇಟಿನೊಳಗೆ ಬಂದದ್ದು ಅವನೊಬ್ಬನಿಗೇ ಕಂಡಿತ್ತು. ಉಳಿದವರು ಸುಮ್ಮನಿದ್ದದ್ದು ನಾಚಿಕೆಗೋ, ಬೇಸರಕ್ಕೋ, ಚಹಾ ಆರಿದ್ದಕ್ಕೋ ಹೇಳಲು ಬರುವುದಿಲ್ಲ. ಗುರುಲಿಂಗಪ್ಪ ಆ ನಾಲ್ವರ ಕಡೆ ನೋಡಿದ, ಮಿಕ್ಕವರ ಕಡೆ ನೋಡಿದ, ಮತ್ತೊಮ್ಮೆ ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಸಾಹೇಬರ ಮುಂದೆ ಒಳ್ಳೆಯವನಾಗಿ ಕಾಣಬೇಕಾದ್ದರಿಂದ ಟೋಪಿ ಸರಿಮಾಡಿಕೊಂಡು ಮೊದಲು ಓಡಿದವನೂ ಅವನೇ.

ಪಡಸಾಲೆ ಖಾಲಿಯಾಯಿತು. ದೌಲಪ್ಪ ದಫ್ತರವನ್ನು ಗೂಡಿಗೆ ಇಟ್ಟು ಅಂಗಳಕ್ಕೆ ಇಳಿದ. ಮೈ ಹಗುರಾಗಿತ್ತು. ಯಾರೋ ಬೆನ್ನು ತಟ್ಟಬೇಕು ಎಂಬಂಥ ಹಗುರ. ಮಾಣಿಕಪ್ಪ ಟ್ರಂಕನ್ನು ತನ್ನ ಕೋಣೆಯ ಬಾಗಿಲಿಗೆ ಒತ್ತಿ ಇಟ್ಟು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

"ಅಂದ್ನಿ ನೋಡು" ಅಂದ ದೌಲಪ್ಪ. "ಎಲ್ಲಾರ ಮುಂದ ಅಂದ್ನಿ. ಒಂದೂ ಮುಚ್ಚಿಡಲಿಲ್ಲ."

ಮಾಣಿಕಪ್ಪ ಕೊನೆಯ ಗುಂಡಿ ಹಾಕಿದ.

"ಆತಲ್ಲ ಮಾಣಿಕಪ್ಪಾ? ಈಗರ ಆತೋ ಇಲ್ಲೋ? ನಮ್ಮಿಬ್ಬರ ನಡುವ ಇನ್ನೇನೂ ಇಲ್ಲಲ್ಲ?"

ಒಳಗೆ ಹಾಜರಿ ಶುರುವಾಗಿತ್ತು. ಒಂದೊಂದೇ ಹೆಸರು ಹೊರಗೆ ಕೇಳುತ್ತಿತ್ತು. ಮಾಣಿಕಪ್ಪ ಪುಸ್ತಕಗಳನ್ನು ಬಗಲಿಗೆ ಸೇರಿಸಿಕೊಂಡ. ದೌಲಪ್ಪನ ಮುಖವನ್ನು ಒಮ್ಮೆ ಪೂರ್ತಿಯಾಗಿ ನೋಡಿದ. ಸಿಟ್ಟಿನಿಂದಲ್ಲ, ಸ್ನೇಹದಿಂದಲೂ ಅಲ್ಲ. ಆಮೇಲೆ ಅವನನ್ನು ಬಳಸಿ, ಅಂಗಳ ದಾಟಿ, ಮೆಟ್ಟಿಲು ಹತ್ತಿ, ಸಾಹೇಬರು ಕೂತಿದ್ದ ಕೋಣೆಯ ಕಡೆ ನಡೆದುಹೋದ.